ಕೆಗ್ಗಿಂದ ಕೆಗ್ಗಿಗೆ ಇಳಿಸಿದ್ಮೇಲೆ ಸೈಡರ್ ಸಪ್ಪೆ ಆಗ್ತಿದ್ಯಾ? ಗ್ಯಾಸ್ ಎಲ್ಲಿ ಹೋಗ್ತಿದೆ ಅಂತ ಹಿಡಿಯೋದು ಹೀಗೆ

ಮೂರು ಬ್ಯಾಚ್ ಸತತವಾಗಿ ಇದೇ ಗೋಳು. ಗ್ಯಾರೇಜ್ ಫ್ರಿಡ್ಜಲ್ಲಿರೋ ದೊಡ್ಡ ಕೆಗ್ಗಿಂದ (ಕೆಗ್ ಅಂದ್ರೆ ಗ್ಯಾಸ್ ಪ್ರೆಶರ್ ತಡ್ಕೊಳೋ ಸ್ಟೀಲ್ ಪೀಪಾಯಿ) ಗ್ಲಾಸ್ ಹಿಡಿದ್ರೆ ಬುಸ್ ಅಂತ ನೊರೆ ಬರೋದು, ಅದನ್ನೇ ಸಣ್ಣ ಕೆಗ್ಗಿಗೆ ಇಳಿಸ್ಕೊಂಡು ಶನಿವಾರ ಗೆಳೆಯನ ಮನೆಗೆ ತಗೊಂಡು ಹೋದ್ರೆ ಪೂರ್ತಿ ಸಪ್ಪೆ. ಅವನು ಒಂದು ಗುಟುಕು ಕುಡಿದು "ಮಗಾ, ಆಪಲ್ ಜ್ಯೂಸ್ ಸಕತ್ತಾಗಿದೆ, ಸೈಡರ್ ಎಲ್ಲಿ?" ಅಂದ. ಮೂರೂ ಸಲ ನಾನು ಇಳಿಸೋ ವಿಧಾನದ ಮೇಲೇ ಗೂಬೆ ಕೂರಿಸ್ದೆ, ಪೈಪ್ ಬದಲಾಯಿಸ್ದೆ, ವಾಲ್ವ್ ಬದಲಾಯಿಸ್ದೆ. ಆಮೇಲೆ ಕೂತು ಒಂದೊಂದಾಗಿ ನೋಡಿದ್ರೆ ಮೂರು ಬ್ಯಾಚಿಗೂ ಬೇರೆ ಬೇರೆ ರೋಗ, ಲಕ್ಷಣ ಮಾತ್ರ ಒಂದೇ. ಹಾಗಾಗಿ ಇದನ್ನ ನಾನು ಹುಡುಕಿದ ಕ್ರಮದಲ್ಲಿ ಅಲ್ಲ, ಹುಡುಕಬೇಕಿದ್ದ ಕ್ರಮದಲ್ಲಿ ಬರೀತಿದೀನಿ.

ಮೊದಲೇ ಒಂದು ಮಾತು. ಅಮೆರಿಕದಲ್ಲಿ ಬರೀ ಸೈಡರ್ ಅಂದ್ರೆ ಸೋಸದೇ ಇರೋ ಸೇಬಿನ ರಸ, ಹುದುಗಿಸಿದ್ದಕ್ಕೆ ಹಾರ್ಡ್ ಸೈಡರ್ ಅಂತಾರೆ, ನಾನು ಹೇಳ್ತಿರೋದು ಎರಡನೇದು. ನಾನಿರೋದು ವಾಷಿಂಗ್ಟನ್ ರಾಜ್ಯದಲ್ಲಿ, ಈ ದೇಶದ ಸೇಬಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯೋದೇ ಇಲ್ಲಿ, ಯಾಕಿಮಾ ವೆನಾಚಿ ಕಡೆಯಿಂದ ಬರೋ ರಸ ಸೆಪ್ಟೆಂಬರ್ ಅಕ್ಟೋಬರಲ್ಲಿ ಧಾರಾಳವಾಗಿ ಸಿಗತ್ತೆ. ಮನೆಗೆ ಅಂತ ಮಾಡ್ಕೊಳಕ್ಕೆ ಫೆಡರಲ್ ಕಾನೂನಿನ ಅಡ್ಡಿ ಇಲ್ಲ, ಇಬ್ಬರು ವಯಸ್ಕರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ, ಮಾರೋ ಹಾಗಿಲ್ಲ ಅಷ್ಟೇ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ದೆ ಇದನ್ನ ಮಾಡೋ ಹಾಗಿಲ್ಲ, ಅಲ್ಲಿಂದ ಓದ್ತಿರೋರು ಸುಮ್ನೆ ಓದಿ.

ಗ್ಯಾಸ್ ತುಂಬಿರೋ ಸೈಡರ್‌ನ ಯಾಕೆ ಇನ್ನೊಂದು ಕೆಗ್ಗಿಗೆ ಇಳಿಸ್ಬೇಕು ಅಂತ ಕೇಳಿದ್ರೆ, ನನ್ನ ದೊಡ್ಡ ಕೆಗ್ 5 ಗ್ಯಾಲನ್ನಿಂದು, ಅಂದ್ರೆ ಸುಮಾರು 19 ಲೀಟರ್, ಅದರ ತಳದಲ್ಲಿ ಯೀಸ್ಟಿನ ಗಷ್ಟು ಕೂತಿರತ್ತೆ. ಅದನ್ನೇ ಕಾರಲ್ಲಿ ಕುಲುಕಾಡಿಸ್ಕೊಂಡು ಹೋದ್ರೆ ಹೋಗಿ ಸೇರೋ ಹೊತ್ತಿಗೆ ಅಕ್ಕಿ ತೊಳೆದ ನೀರಿನ ಥರ ಆಗಿರತ್ತೆ. ಅದಕ್ಕೇ ತಿಳಿಯನ್ನ ಮಾತ್ರ ಎರಡೂವರೆ ಗ್ಯಾಲನ್ನಿನ ಸಣ್ಣ ಕೆಗ್ಗಿಗೆ ಇಳಿಸ್ಕೊಳೋದು.

ಗ್ಯಾಸ್ ಹೊರಗೆ ಬರೋದು ಯಾವಾಗ

ಸೋಡಾ ಬಾಟ್ಲಿ ಮುಚ್ಚಳ ತೆಗೆಯೋ ತನಕ ಒಳಗೆ ಒಂದು ಗುಳ್ಳೆನೂ ಕಾಣಲ್ಲ, ತೆಗೆದ ತಕ್ಷಣ ಬುಳುಬುಳು ಅಂತ ಶುರು ಆಗತ್ತೆ, ಯಾಕಂದ್ರೆ ಮೇಲಿನ ಪ್ರೆಶರ್ ಇಳೀತು. ಕೆಗ್ಗಲ್ಲೂ ಇಷ್ಟೇ. ಒಂದು ಲೀಟರ್ ಸೈಡರಲ್ಲಿ ಎರಡೂವರೆ ಲೀಟರ್ ಕಾರ್ಬನ್ ಡೈಆಕ್ಸೈಡ್ ಕರಗಿದ್ರೆ ಅದಕ್ಕೆ 2.5 ವಾಲ್ಯೂಮ್ ಅಂತಾರೆ, ತೂಕದಲ್ಲಿ ಲೀಟರಿಗೆ ಹತ್ತತ್ರ 5 ಗ್ರಾಂ. ಈ 2.5ನ್ನ ಒಳಗೇ ಹಿಡಿದಿಡಕ್ಕೆ 3 ಡಿಗ್ರಿ ಸೆಲ್ಸಿಯಸ್ಸಲ್ಲಿ ಸುಮಾರು 11 ಪಿಎಸ್‌ಐ (ಪ್ರೆಶರ್ ಅಳೆಯೋ ಲೆಕ್ಕ, ಚದರ ಇಂಚಿಗೆ ಇಷ್ಟು ಪೌಂಡ್ ಅಂತ) ಸಾಕು, ಅದೇ ಸೈಡರ್ 20 ಡಿಗ್ರಿಲಿದ್ರೆ 28 ಬೇಕು. ದಾರೀಲಿ ಎಲ್ಲೇ ಆಗ್ಲಿ, ಪೈಪಲ್ಲಿ, ಪೋಸ್ಟಲ್ಲಿ (ಪೈಪ್ ಸಿಕ್ಕಿಸಕ್ಕೆ ಕೆಗ್ಗಿನ ಮೇಲಿರೋ ಮೂತಿ, ಗ್ಯಾಸಿಗೊಂದು ಲಿಕ್ವಿಡ್ಡಿಗೊಂದು), ಆ ಕಡೆ ಕೆಗ್ಗಲ್ಲಿ, ಪ್ರೆಶರ್ ಇದಕ್ಕಿಂತ ಕೆಳಗೆ ಇಳೀತಾ, ಅಥವಾ ಸೈಡರ್ ಬಿಸಿ ಆಯ್ತಾ, ಗ್ಯಾಸ್ ಅಲ್ಲೇ ಬಿಟ್ಟುಕೊಳ್ಳತ್ತೆ. ಹಾಗಾಗಿ ನಾವು ಹುಡುಕೋದು ಇಷ್ಟೇ, ಎಲ್ಲಿ ಇಳೀತು ಅಥವಾ ಎಲ್ಲಿ ಬಿಸಿ ಆಯ್ತು.

ಸೈಡರಲ್ಲಿ ಒಂದು ಮೋಸ ಇದೆ, ಬಿಯರ್ ಮಾಡಿ ಅಭ್ಯಾಸ ಇರೋರು ಇಲ್ಲೇ ಎಡವೋದು. ಬಿಯರಲ್ಲಿ ಪ್ರೋಟೀನ್ ಇರೋದ್ರಿಂದ ಗ್ಯಾಸ್ ಬಿಟ್ರೆ ದಪ್ಪ ನೊರೆ ನಿಂತ್ಕೊಂಡು ಎದುರಿಗೇ ಸಾಕ್ಷಿ ಹೇಳತ್ತೆ, ಸೈಡರಲ್ಲಿ ಆ ನೊರೆ ನಿಲ್ಲಲ್ಲ, ಬಂದಂಗೇ ಮಾಯ. ನೊರೆ ಇಲ್ಲ ಅಂತ ನೀವು ಆರಾಮಾಗಿರ್ತೀರ, ಅಷ್ಟೊತ್ತಿಗೆ ಗ್ಯಾಸ್ ಹೋಗಿರತ್ತೆ.

ಮೊದಲು: ಗ್ಯಾಸ್ ಇತ್ತಾ ಇಲ್ವಾ

ನನ್ನ ಮೊದಲ ಬ್ಯಾಚಿನ ರೋಗ ಇದು, ಹೇಳಕ್ಕೂ ನಾಚಿಕೆ. ಸೈಡರಲ್ಲಿ ಗ್ಯಾಸೇ ಇರ್ಲಿಲ್ಲ. ರೆಗ್ಯುಲೇಟರ್ (ಸಿಲಿಂಡರಿಂದ ಬರೋ ಪ್ರೆಶರ್ ಹೊಂದಿಸೋ ಸಾಧನ) 12ಕ್ಕೆ ಇಟ್ಟು ಎರಡು ದಿನ ಬಿಟ್ಟು, ಗೇಜ್ 12 ತೋರಿಸ್ತಿದೆ ತಾನೇ ಅಂತ ಇಳಿಸಿಬಿಟ್ಟಿದ್ದೆ. ಗೇಜ್ ತೋರಿಸೋದು ಮೇಲಿನ ಖಾಲಿ ಜಾಗದ ಪ್ರೆಶರ್, ಕೆಳಗೆ ಸೈಡರ್ ಎಷ್ಟು ಕುಡ್ಕೊಂಡಿದೆ ಅನ್ನೋದಲ್ಲ. ಹಾಗೇ ಇಟ್ಟು ಕರಗಿಸೋದಾದ್ರೆ ತಣ್ಣಗಿರೋ ಕೆಗ್ಗಿಗೆ ಒಂದರಿಂದ ಎರಡು ವಾರ ಬೇಕು. ಮತ್ತೆ ಗ್ಲಾಸಲ್ಲಿ ಬಂದ ಆ ನೊರೆ? ಗಿಡ್ಡ ಪೈಪಲ್ಲಿ 12 ಪಿಎಸ್‌ಐ ರಭಸಕ್ಕೆ ಬಂದ ನೊರೆ ಅದು, ನೀರಿಗೆ ಸೋಪ್ ಹಾಕಿ ನಲ್ಲಿ ಜೋರಾಗಿ ಬಿಟ್ರೂ ನೊರೆ ಬರತ್ತೆ.

ಪರೀಕ್ಷೆ ಸುಲಭ. ಕೆಗ್ಗಿಂದ ಗ್ಯಾಸ್ ಲೈನ್ ಕಿತ್ತಾಕಿ, ಕೆಗ್‌ನ ಒಂದೆರಡು ನಿಮಿಷ ಚೆನ್ನಾಗಿ ಅಲ್ಲಾಡ್ಸಿ, ಸ್ವಲ್ಪ ಸುಮ್ನೆ ಬಿಟ್ಟು, ಗ್ಯಾಸ್ ಪೋಸ್ಟಿಗೆ ಗೇಜ್ ಇರೋ ಡಿಸ್‌ಕನೆಕ್ಟ್ (ಪೋಸ್ಟಿನ ಮೇಲೆ ಒತ್ತಿ ಕೂರಿಸೋ ಜೋಡಣೆ) ಸಿಕ್ಕಿಸಿ ಓದಿ, ಸೈಡರಿನ ಟೆಂಪರೇಚರೂ ನೋಡ್ಕೊಳಿ. 12 ಇದ್ದಿದ್ದು ಅಲ್ಲಾಡ್ಸಿದ್ಮೇಲೂ 11, 12ರ ಹತ್ರಾನೇ ನಿಂತ್ರೆ ಸೈಡರ್ ಹೊಟ್ಟೆ ತುಂಬಿದೆ ಅಂತ. 5ಕ್ಕೆ ಬಿದ್ರೆ, 3 ಡಿಗ್ರಿಲಿ ಅದು ಬರೀ 1.9 ವಾಲ್ಯೂಮ್, ಇನ್ನೂ ಹಸಿದಿದೆ. ತಳದ ಗಷ್ಟು ಕದಡತ್ತಲ್ಲ ಅಂದ್ರೆ ಹೌದು ಕದಡತ್ತೆ, ಇಳಿಸೋಕೆ ಮೂರು ನಾಲ್ಕು ದಿನ ಮುಂಚೆ ಮಾಡಿ, ಮತ್ತೆ ಕೂರತ್ತೆ. ಇಳಿಸಿದ್ಮೇಲೆ ಸಣ್ಣ ಕೆಗ್ಗಿಗೂ ಇದನ್ನೇ ಮಾಡಿ. ಎರಡು ನಂಬರ್ ಕೈಲಿಲ್ದೆ ಇಳಿಸೋವಾಗ ಗ್ಯಾಸ್ ಹೋಯ್ತು ಅನ್ನೋದು ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗೆ.

ಎತ್ತರದ ಊರಲ್ಲಿರೋರಿಗೆ ಇನ್ನೊಂದು ಲೆಕ್ಕ. ಸಮುದ್ರ ಮಟ್ಟದಿಂದ ಪ್ರತಿ 2000 ಅಡಿಗೆ ಗೇಜಲ್ಲಿ 1 ಪಿಎಸ್‌ಐ ಜಾಸ್ತಿ ಇಡ್ಬೇಕು, ಡೆನ್ವರಲ್ಲಿ ಕೂತು ನನ್ನ ನಂಬರನ್ನೇ ಇಟ್ಕೊಂಡ್ರೆ ಎರಡೂವರೆ ಪಿಎಸ್‌ಐ ಕಮ್ಮಿ ಬೀಳತ್ತೆ.

ಪೈಪಿಗೆ ಟಾರ್ಚ್ ಹಿಡೀರಿ

ಇಳಿಸೋ ಏರ್ಪಾಡು ಗೊತ್ತಿಲ್ದೇ ಇರೋರಿಗೆ ಚುಟುಕಾಗಿ: ದೊಡ್ಡ ಕೆಗ್ಗಿನ ಲಿಕ್ವಿಡ್ ಪೋಸ್ಟಿಂದ ಸಣ್ಣ ಕೆಗ್ಗಿನ ಲಿಕ್ವಿಡ್ ಪೋಸ್ಟಿಗೆ ಒಂದು ಪೈಪ್, ಎರಡೂ ತುದೀಲಿ ಕರೀ ಡಿಸ್‌ಕನೆಕ್ಟ್. ಸಣ್ಣ ಕೆಗ್ಗಿನ ಗ್ಯಾಸ್ ಪೋಸ್ಟಿಗೆ ಸ್ಪಂಡಿಂಗ್ ವಾಲ್ವ್, ಅಂದ್ರೆ ಕುಕ್ಕರ್ ವೆಯ್ಟ್ ಇದ್ದಂಗೆ, ನಾವು ಹೇಳಿದಷ್ಟು ಪ್ರೆಶರ್ ಒಳಗೆ ಇಟ್ಕೊಂಡು ಮಿಕ್ಕಿದ್ದನ್ನ ಹೊರಗೆ ಬಿಡತ್ತೆ. ದೊಡ್ಡ ಕೆಗ್ಗಿಗೆ ಸಿಲಿಂಡರ್‌ದು ಗ್ಯಾಸ್. ಎರಡೂ ಕೆಗ್ಗಲ್ಲಿ ಮೊದಲು ಒಂದೇ ಪ್ರೆಶರ್, ಆಮೇಲೆ ಸ್ಪಂಡಿಂಗ್ ವಾಲ್ವನ್ನ ಎರಡು ಮೂರು ಪಿಎಸ್‌ಐ ಅಷ್ಟೇ ಸಡಿಲ ಬಿಟ್ರೆ ಸೈಡರ್ ಮೆಲ್ಲಗೆ ಹರಿಯತ್ತೆ.

ಈ ಪೈಪ್ ಪಾರದರ್ಶಕವಾಗಿರ್ಲೇಬೇಕು, ರೋಗ ಕಾಣೋದೇ ಅಲ್ಲಿ. ಮೂರನೇ ಬ್ಯಾಚಿನ ದಿನ ಗ್ಯಾರೇಜ್ ಲೈಟ್ ಆರ್ಸಿ, ನೆಲದ ಮೇಲೆ ಮಂಡಿ ಊರಿ, ಫೋನ್ ಟಾರ್ಚನ್ನ ಪೈಪಿನ ಹಿಂದೆ ಹಿಡ್ಕೊಂಡೆ. ದೊಡ್ಡ ಕೆಗ್ಗಿನ ಡಿಸ್‌ಕನೆಕ್ಟ್ ಬಾಯಿಂದಾನೇ ಸಾಬೂದಾನಿ ಗಾತ್ರದ ಗುಳ್ಳೆಗಳು, ಒಂದರ ಹಿಂದೆ ಒಂದು, ಸಾಲಾಗಿ ಬರ್ತಿದ್ವು. ಹರಿವು ನಿಧಾನ ಮಾಡ್ದೆ, ಗುಳ್ಳೆ ನಿಲ್ಲಲಿಲ್ಲ. ಇನ್ನೂ ನಿಧಾನ, ಆಗ್ಲೂ ಬರ್ತಾನೇ ಇದ್ವು. ಅಂದ್ರೆ ಇದು ಸೈಡರಿಂದ ಬಿಟ್ಕೊಂಡ ಗ್ಯಾಸ್ ಅಲ್ಲ, ಮೇಲಿನ ಖಾಲಿ ಜಾಗದ ಗ್ಯಾಸೇ ಎಲ್ಲೋ ಸಂದಿ ಹುಡುಕ್ಕೊಂಡು ಪೈಪಿಗೆ ನುಗ್ತಿದೆ. ಪ್ರೆಶರ್ ಪೂರ್ತಿ ಇಳಿಸಿ ಪೋಸ್ಟ್ ಬಿಚ್ಚಿ ಡಿಪ್ ಟ್ಯೂಬ್ (ಲಿಕ್ವಿಡ್ ಪೋಸ್ಟಿಂದ ಕೆಗ್ಗಿನ ತಳದ ತನಕ ಇಳಿದಿರೋ ಕೊಳವೆ) ಎತ್ತಿದ್ರೆ, ಅದರ ಕತ್ತಿಗಿರೋ ಸಣ್ಣ ಓ-ರಿಂಗ್ ಒಂದು ಕಡೆ ಚಪ್ಪಟೆ ಆಗಿ ಉಗುರಿನ ಗುರುತಿನಷ್ಟು ಸೀಳಿತ್ತು. ಹೋಗಿದ್ದು ಚಿಲ್ಲರೆ ಕಾಸಿನ ರಬ್ಬರ್. ಆ ಬಂದ ಒಂದೊಂದು ಗುಳ್ಳೆನೂ ಸುಮ್ನೆ ಇರಲ್ಲ, ಸುತ್ತಲಿನ ಸೈಡರಿಂದ ಗ್ಯಾಸ್ ಎಳ್ಕೊಂಡು ದೊಡ್ಡದಾಗ್ತಾ ಹೋಗತ್ತೆ, ಆ ಕಡೆ ಕೆಗ್ ಸೇರೋ ಹೊತ್ತಿಗೆ ಅರ್ಧ ಪೈಪ್ ನೊರೆ.

ಗುಳ್ಳೆ ಅಲ್ಲೇ ಶುರು ಆಗ್ತಿದೆ ಆದ್ರೆ ಸಾಬೂದಾನಿ ಥರ ಅಲ್ಲ, ರವೆ ಥರ ಸಣ್ಣ ಸಣ್ಣದು, ಜೊತೆಗೆ ಎಷ್ಟು ಪ್ರೆಶರ್ ಕೊಟ್ರೂ ಹರಿವು ಮಂದ ಅಂದ್ರೆ ಪೋಸ್ಟ್ ಒಳಗಿನ ಪಾಪೆಟ್ಟಲ್ಲಿ (ಸ್ಪ್ರಿಂಗ್ ಇರೋ ಪುಟ್ಟ ವಾಲ್ವ್) ಗಷ್ಟೋ ಹಣ್ಣಿನ ಚೂರೋ ಸಿಕ್ಕಾಕ್ಕೊಂಡಿದೆ. ಇಕ್ಕಟ್ಟಿನ ಈ ಕಡೆ 14, ಆ ಕಡೆ 6 ಅಂತ ಒಂದೇ ಜಾಗದಲ್ಲಿ ಪ್ರೆಶರ್ ಧೊಪ್ ಅಂತ ಬೀಳತ್ತೆ. ಪೋಸ್ಟ್ ಬಿಚ್ಚಿ ತೊಳೀರಿ, ಇದಕ್ಕೆ ಮದ್ದು ಇಷ್ಟೇ. ಗಷ್ಟು ಪದೇಪದೇ ಬರ್ತಿದ್ರೆ ಡಿಪ್ ಟ್ಯೂಬಿನ ತುದಿಯನ್ನ ಅರ್ಧ ಇಂಚು ಕತ್ತರಿಸಿದ್ರೂ ಆಯ್ತು, ತೇಲೋ ಡಿಪ್ ಟ್ಯೂಬ್ ಹಾಕಿದ್ರೆ ಇನ್ನೂ ವಾಸಿ, ಮೇಲಿನ ತಿಳಿಯಿಂದಾನೇ ಎಳೆಯತ್ತೆ.

ಶುರುವಲ್ಲಿ ಪೈಪ್ ಸ್ವಚ್ಛ, ಮಧ್ಯದಿಂದ ಗುಳ್ಳೆ ಕಾಣ್ತಿದೆ ಅಂದ್ರೆ ಎರಡೇ ಕಾರಣ. ಒಂದು, ಆ ಕಡೆ ಪ್ರೆಶರ್ ಸಾಲ್ದು. ಇನ್ನೊಂದು, ಪೈಪೇ ಬಿಸಿ. ಬೇಸಿಗೇಲಿ ಗ್ಯಾರೇಜ್ ನೆಲದ ಮೇಲೆ ಬಿದ್ದಿರೋ ಪೈಪಲ್ಲಿ ಮೊದಲ ಗ್ಲಾಸಿನಷ್ಟು ಸೈಡರ್ ನೊರೆ ಆಗೇ ಆಗತ್ತೆ, ಆಮೇಲೆ ಪೈಪ್ ತಣ್ಣಗಾಗಿ ಸರಿ ಹೋದ್ರೆ ತಲೆ ಕೆಡಿಸ್ಕೋಬೇಡಿ. ಸರಿ ಹೋಗ್ಲಿಲ್ಲ ಅಂದ್ರೆ ಸ್ಪಂಡಿಂಗ್ ವಾಲ್ವ್ ಬಿಗಿ ಮಾಡಿ. ಬೇಗ ಮುಗೀಲಿ ಅಂತ ಈ ಕಡೆ ಪ್ರೆಶರ್ 20ಕ್ಕೆ ಏರ್ಸಿ ಆ ಕಡೆ ಪೂರ್ತಿ ಬಿಟ್ಟುಬಿಡೋರು ಇದಾರೆ, 19 ಲೀಟರನ್ನ ಐದು ನಿಮಿಷದಲ್ಲಿ ಇಳಿಸಿ ಆಮೇಲೆ ಎರಡು ವಾರ ಮತ್ತೆ ಗ್ಯಾಸ್ ಹಿಡಿಯೋದು ಯಾವ ಲಾಭ ನಂಗೊತ್ತಿಲ್ಲ.

ತುಂಬ್ಕೊಳೋ ಕೆಗ್ಗಿನ ತಪ್ಪುಗಳು

ಪೈಪ್ ಪೂರ್ತಿ ಸ್ವಚ್ಛ, ಆದ್ರೆ ಸ್ಪಂಡಿಂಗ್ ವಾಲ್ವಲ್ಲಿ ಸದ್ದು ಜೋರು, ಗ್ಯಾಸ್ ಹೋಗ್ತಾನೇ ಇದೆ ಅಂದ್ರೆ ತೊಂದ್ರೆ ಈ ಕಡೆದು.

ನನ್ನ ಎರಡನೇ ಬ್ಯಾಚ್ ಇಲ್ಲೇ ಹಾಳಾಗಿದ್ದು. ಸಣ್ಣ ಕೆಗ್‌ನ ಗ್ಯಾಸಿಂದ ತೊಳೆದು, ಪ್ರೆಶರ್ ಪೂರ್ತಿ ಬಿಟ್ಟು, ಸೊನ್ನೆ ಪ್ರೆಶರಿನ ಕೆಗ್ಗಿಗೆ ತುಂಬ್ಸಿದ್ದೆ. ಒಳಗೆ ಗಾಳಿ ಇಲ್ಲ, ಬರೀ ಕಾರ್ಬನ್ ಡೈಆಕ್ಸೈಡೇ ಇದೆ, ಇನ್ನೇನು ಬೇಕು ಅನ್ಕೊಂಡಿದ್ದೆ. ಲೆಕ್ಕ ನೋಡಿ: ಕೆಗ್ ಅರ್ಧ ಮಾತ್ರ ತುಂಬ್ಸಿ, ಮೇಲಿನ ಅರ್ಧದಲ್ಲಿ ಪ್ರೆಶರ್ ಸೊನ್ನೆ ಇಟ್ಟು ಮುಚ್ಚಿದ್ರಿ ಅಂದ್ಕೊಳಿ, ಸೈಡರ್ ತನ್ನ ಗ್ಯಾಸನ್ನ ಮೇಲಕ್ಕೆ ಬಿಟ್ಟು ಬಿಟ್ಟು ಎರಡೂ ಸಮ ಆಗೋ ಹೊತ್ತಿಗೆ 2.5 ಇದ್ದಿದ್ದು 2.05ಕ್ಕೆ ಬಂದು ನಿಲ್ಲತ್ತೆ, ಗೇಜ್ ಆರೂವರೆ ತೋರಿಸತ್ತೆ. ಇದು ಎಲ್ಲೂ ಲೀಕ್ ಇಲ್ದೇ, ನೊರೆ ಬರ್ದೇ ಆಗೋ ನಷ್ಟ. ತುಂಬೋವಾಗ ಪೂರ್ತಿ ಹೊತ್ತು ವಾಲ್ವ್ ಬಾಯಿ ತೆಕ್ಕೊಂಡೇ ಇದ್ರೆ ಇದಕ್ಕಿಂತ ಕಡೆ. ಹಾಗಾಗಿ ಸೈಡರ್ ಒಳಗೆ ಬರೋಕೆ ಮುಂಚೆನೇ ಸಣ್ಣ ಕೆಗ್ಗಲ್ಲಿ 11, 12 ಪಿಎಸ್‌ಐ ಕೂತಿರ್ಬೇಕು.

ಗಾಳಿ ತೆಗೆಯೋ ವಿಷಯಕ್ಕೂ ಇದೇ ಜಾಗ. ಖಾಲಿ ಕೆಗ್ಗಿಗೆ 30 ಪಿಎಸ್‌ಐ ಕೊಟ್ಟು ಬಿಟ್ರೆ ಒಂದು ಸಲಕ್ಕೆ ಆಕ್ಸಿಜನ್ ಮೂರರಲ್ಲಿ ಒಂದು ಪಾಲಿಗೆ ಇಳಿಯತ್ತೆ ಅಷ್ಟೇ, ಅಂದ್ರೆ 21 ಪರ್ಸೆಂಟಿಂದ 7, ಆಮೇಲೆ 2.3, ಹೀಗೆ, ಎರಡು ಮೂರು ಸಲ ಮಾಡಿ ಸಾಕು ಅನ್ನೋ ಹಾಗಿಲ್ಲ. ಕೆಗ್ ಕಂಠಪೂರ್ತಿ ಸ್ಯಾನಿಟೈಸರ್ ನೀರು ತುಂಬ್ಸಿ ಅದನ್ನ ಗ್ಯಾಸಿಂದ ತಳ್ಳಿ ಹೊರಗೆ ಹಾಕೋದು ವಾಸಿ, ನೀರಿದ್ದ ಜಾಗದಲ್ಲೆಲ್ಲ ಗ್ಯಾಸೇ ಬಂದು ಕೂರತ್ತೆ. ಗಾಳಿ ಉಳಿದ್ರೆ ಗ್ಯಾಸ್ ನಷ್ಟಕ್ಕಿಂತ ದೊಡ್ಡ ತಲೆನೋವು, ಸೈಡರ್ ಕಂದು ಬಣ್ಣಕ್ಕೆ ತಿರುಗಿ ಹೆಚ್ಚಿಟ್ಟ ಸೇಬಿನ ವಾಸನೆ ಹೊಡೆಯತ್ತೆ.

ಆಮೇಲೆ ಬಿಸಿ ಕೆಗ್. ನಾಲ್ಕು ಕೆಜಿ ಸ್ಟೀಲ್ ಕೆಗ್ 23 ಡಿಗ್ರಿಲಿದ್ರೂ ಅದಕ್ಕೆ ತುಂಬೋ ಅಷ್ಟೂ ಸೈಡರ್ ಒಂದು ಡಿಗ್ರಿನೂ ಬಿಸಿ ಆಗಲ್ಲ, ಏನು ಮಹಾ ಅನ್ಸತ್ತೆ. ಆದ್ರೆ ಆ ಬಿಸಿ ಎಲ್ಲ ಬೀಳೋದು ತಳ ಮುಟ್ಟೋ ಮೊದಲ ಲೀಟರಿನ ಮೇಲೆ. ಅದು ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂಗೆ ಕೆರಳಿ, ನೊರೆ ಎದ್ದು, ಹಿಂದೆ ಬರೋದನ್ನೂ ಕೆರಳಿಸತ್ತೆ. ಹಿಂದಿನ ರಾತ್ರಿನೇ ಸಣ್ಣ ಕೆಗ್‌ನೂ ಪೈಪ್‌ನೂ ಫ್ರಿಡ್ಜಿಗೆ ಹಾಕಿ.

ಇನ್ನು ಪೋಸ್ಟ್ ಅದಲು ಬದಲು. ಸೈಡರ್ ಹೋಗ್ಬೇಕಾಗಿರೋದು ಉದ್ದ ಟ್ಯೂಬಿರೋ ಲಿಕ್ವಿಡ್ ಪೋಸ್ಟಿಗೆ, ತಳದಿಂದ ಮೇಲಕ್ಕೆ ತುಂಬ್ಕೊಂಡು ಬರ್ಬೇಕು. ಆತುರಕ್ಕೆ ಗ್ಯಾಸ್ ಪೋಸ್ಟಿಗೆ ಒತ್ತಿ ಕೂರಿಸಿದ್ರೆ ಮೇಲಿಂದ ಜಲಪಾತದ ಥರ ಬಿದ್ದು ಗ್ಯಾಸೆಲ್ಲ ಹೋಗತ್ತೆ, ಡಿಸ್‌ಕನೆಕ್ಟ್ ಬೇರೆ ಸಿಕ್ಕಾಕ್ಕೊಂಡು ಆಮೇಲೆ ಬಿಡಿಸ್ಕೊಳಕ್ಕೆ ಒದ್ದಾಡ್ಬೇಕು. ಈ ಕೆಗ್ಗಿನ ಡಿಪ್ ಟ್ಯೂಬ್ ಓ-ರಿಂಗ್ ಹೋಗಿದ್ರೂ ಸ್ವಲ್ಪ ಇದೇ ಕಥೆ, ಸೈಡರ್ ಕತ್ತಿನ ಸಂದಿಯಿಂದಾನೇ ಚಿಮ್ಮತ್ತೆ, ಹೊರಗಿಂದ ಏನೂ ಕಾಣಲ್ಲ.

ಎಷ್ಟು ತುಂಬ್ತು ಅಂತ ಕೆಗ್ಗಿನ ಹೊರಮೈ ಬೆವರೋ ಗೆರೆ ನೋಡ್ಕೊಳಿ ಅಂತಾರೆ, ಕೆಗ್ಗೇ ತಣ್ಣಗಿದ್ರೆ ಆ ಗೆರೆ ನಂಬಂಗಿಲ್ಲ, ತೂಕದ ಮೆಷಿನ್ ಮೇಲಿಡೋದು ಒಳ್ಳೇದು. ಹೆಚ್ಚುಕಮ್ಮಿ ಒಂದು ಲೀಟರಿಗೆ ಒಂದು ಕೆಜಿ.

ನಾನೀಗ ಮಾಡೋ ರೀತಿ

ಸ್ಪಂಡಿಂಗ್ ವಾಲ್ವ್ ತಿರುಗ್ಸಿ ತಿರುಗ್ಸಿ ಬೇಜಾರಾಗಿ ಈಗ ಎರಡು ಪೈಪ್ ವಿಧಾನಕ್ಕೆ ಬಂದಿದೀನಿ, ನನ್ನ ಕೇಳಿದ್ರೆ ಮನೆ ಮಟ್ಟಕ್ಕೆ ಇದೇ ಸರಿ. ಲಿಕ್ವಿಡ್ಡಿಗೆ ಲಿಕ್ವಿಡ್ ಪೈಪ್ ಜೊತೆಗೆ ಗ್ಯಾಸ್ ಪೋಸ್ಟಿಂದ ಗ್ಯಾಸ್ ಪೋಸ್ಟಿಗೂ ಒಂದು ಪೈಪ್. ದೊಡ್ಡ ಕೆಗ್ ಮೇಜಿನ ಮೇಲೆ, ಸಣ್ಣದು ನೆಲದಲ್ಲಿ. ಸೈಡರ್ ಕೆಳಗೆ ಇಳಿದಷ್ಟೂ ಕೆಳಗಿನ ಗ್ಯಾಸ್ ಮೇಲಿನ ಕೆಗ್ಗಿಗೆ ವಾಪಸ್ ಹೋಗತ್ತೆ, ಸಿಲಿಂಡರ್ ತಂಟೆನೇ ಬೇಡ. 60 ಸೆಂಟಿಮೀಟರ್ ಎತ್ತರ ಅಂದ್ರೆ ಒಂದು ಪಿಎಸ್‌ಐಗಿಂತ ಕಮ್ಮಿ ತಳ್ಳು, ಅಷ್ಟು ಮೆಲ್ಲಗೆ ಹರಿದ್ರೆ ಗುಳ್ಳೆ ಎಲ್ಲಿಂದ ಬರ್ಬೇಕು. ಅರ್ಧ ಗಂಟೆ ಹಿಡಿಯತ್ತೆ, ಆಗ್ಲಿ ಬಿಡಿ, ಕಾಫಿ ಕುಡ್ಕೊಂಡು ಬನ್ನಿ.

ಇದರಲ್ಲೂ ಕೈ ಕೊಡೋ ಜಾಗ ಇದೆ. ಪೈಪ್ ಸಿಕ್ಕಿಸಿದ್ಮೇಲೂ ಹರಿಯಲ್ಲ ಅಂದ್ರೆ ಸೈಡರ್ ಡಿಪ್ ಟ್ಯೂಬ್ ಹತ್ತಿ ಇಳಿಯೋಕೆ ಒಂದು ನೂಕು ಬೇಕು: ಗ್ಯಾಸ್ ಪೈಪನ್ನ ಬಿಡಿಸಿ, ಕೆಳಗಿನ ಕೆಗ್ಗಿನ ರಿಲೀಫ್ ವಾಲ್ವ್ ಒಂದು ಕ್ಷಣ ಎಳೆದು ಬಿಡಿ, ಪೈಪ್ ತುಂಬಿದ ತಕ್ಷಣ ಗ್ಯಾಸ್ ಪೈಪ್ ವಾಪಸ್ ಸಿಕ್ಕಿಸಿ. ಶುರು ಆಗಿ ನಿಂತುಹೋದ್ರೆ ಗ್ಯಾಸ್ ಪೈಪಲ್ಲಿ ಚೆಕ್ ವಾಲ್ವ್ ಇದ್ಯಾ ನೋಡಿ, ಒಂದೇ ಕಡೆ ಬಿಡೋ ವಾಲ್ವ್ ಇಲ್ಲಿ ಇರ್ಲೇಬಾರ್ದು. ಮತ್ತೆ ಕೆಳಗಿನ ಕೆಗ್ಗಲ್ಲಿ ಗಾಳಿ ಉಳಿದಿದ್ರೆ ಅದು ನೇರ ಮೇಲಿನ ಕೆಗ್ಗಿಗೆ ಹೋಗಿ ಉಳಿದ ಸೈಡರನ್ನೂ ಕೆಡಿಸತ್ತೆ, ಹಾಗಾಗಿ ಮೇಲೆ ಹೇಳಿದ ತೊಳೆಯೋ ಕೆಲಸ ಇಲ್ಲಿ ಇನ್ನೂ ಮುಖ್ಯ.

ಒಂದು ಮಾತ್ರ ಜೋರಾಗಿ ಹೇಳ್ತೀನಿ. ಇದೆಲ್ಲ ಸ್ಟೀಲ್ ಕೆಗ್ಗಿಗೆ ಮಾತ್ರ. ಗಾಜಿನ ಕಾರ್ಬಾಯ್‌ಗೆ (ಹುದುಗಿಸೋ ದೊಡ್ಡ ಬಾಟ್ಲಿ) ಪ್ರೆಶರ್ ಕೊಡಕ್ಕೆ ಹೋಗ್ಬೇಡಿ, ಒಂದೆರಡು ಪಿಎಸ್‌ಐ ತಾನೇ ಅಂತಾನೂ ಬೇಡ, ಒಡೆದ್ರೆ ಕೈ ಕಾಲು ಹೋಗತ್ತೆ. ಗ್ಯಾರೇಜ್ ಬಾಗಿಲು ಸ್ವಲ್ಪ ತೆಗೆದಿಡಿ, ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಕೆಳಗೇ ಶೇಖರ ಆಗತ್ತೆ. ಸಿಹಿಗೆ ಅಂತ ಸಕ್ಕರೆ ಹಾಕಿ, ಯೀಸ್ಟ್ ತಡೆಯೋಕೆ ಏನೂ ಹಾಕಿಲ್ಲ ಅಂದ್ರೆ ಕೆಗ್ ತಣ್ಣಗೇ ಇರ್ಲಿ, ಬಿಸಿಲಲ್ಲಿ ಕಾರ್ ಡಿಕ್ಕೀಲಿ ಬಿಟ್ರೆ ಮತ್ತೆ ಹುದುಗು ಶುರು ಆಗಿ ಗ್ಯಾಸ್ ಬೇಡ ಬೇಡ ಅಂದ್ರೂ ಬರತ್ತೆ.

ಇಳಿಸಿದ ದಿನ ಚೆನ್ನಾಗಿತ್ತು, ಆಮೇಲೆ ಸಪ್ಪೆ

ಇದು ಇಳಿಸೋದಕ್ಕೂ ಸಂಬಂಧ ಇಲ್ದೇ ಇರೋ ರೋಗ, ಲೀಕ್. ಈ ಕೆಗ್ಗಿನ ಮುಚ್ಚಳ ನಮ್ಮ ಗೋಲಿ ಸೋಡಾ ಥರ, ಒಳಗಿನ ಪ್ರೆಶರೇ ಅದನ್ನ ಒಳಗಿಂದ ಒತ್ತಿ ಹಿಡ್ಕೊಂಡಿರತ್ತೆ. ಪ್ರೆಶರ್ ಕಮ್ಮಿ ಇದ್ದಾಗ ಮುಚ್ಚಳ ಸರಿ ಕೂತಿರಲ್ಲ, ಅದಕ್ಕೇ ಹೊಸದಾಗಿ ಮುಚ್ಚಿದಾಗ ಒಂದ್ಸಲ 30 ಕೊಟ್ಟು ಕೂರಿಸಿ ಆಮೇಲೆ 12ಕ್ಕೆ ಇಳಿಸ್ಕೊಳಿ. ಊರಲ್ಲಿ ಅಡುಗೆ ಸಿಲಿಂಡರ್ ಬದಲಾಯಿಸಿದಾಗ ಅಮ್ಮ ಸೋಪ್ ನೀರು ಹಚ್ಚಿ ನೋಡ್ತಿದ್ರಲ್ಲ, ಅದೇ ಇಲ್ಲೂ: ಮುಚ್ಚಳದ ಸುತ್ತ, ಎರಡು ಪೋಸ್ಟು, ರಿಲೀಫ್ ವಾಲ್ವ್, ಎಲ್ಲಿ ಗುಳ್ಳೆ ಏಳತ್ತೋ ಅಲ್ಲಿ ಓ-ರಿಂಗ್ ಬದಲಾಯಿಸಿ, ಸ್ವಲ್ಪ ಕೆಗ್ ಲ್ಯೂಬ್ ಸವರಿ.

ಅಲ್ಲಾಡ್ಸಿ ನೋಡಿದ್ರೆ ಕೆಗ್ಗಲ್ಲಿ 2.5 ಇದೆ, ಗ್ಲಾಸಲ್ಲಿ ಸಪ್ಪೆ ಅಂದ್ರೆ ನಲ್ಲಿ ಕಡೆ ನೋಡಿ. ಪಿಕ್ನಿಕ್ ನಲ್ಲಿಗೆ (ಪೈಪಿನ ತುದೀಲಿ ಕೈಲಿ ಒತ್ತೋ ಪ್ಲಾಸ್ಟಿಕ್ ನಲ್ಲಿ) ಒಂದೂವರೆ ಅಡಿ ಪೈಪ್ ಹಾಕ್ಕೊಂಡ್ರೆ ಇರೋ ಗ್ಯಾಸೆಲ್ಲ ಗ್ಲಾಸಿಗೆ ಬೀಳೋವಾಗ್ಲೇ ಹೋಗತ್ತೆ. 3/16 ಇಂಚಿನ ಸಣ್ಣ ಪೈಪ್, ಎಂಟು ಹತ್ತು ಅಡಿ, ಸುರುಳಿ ಸುತ್ತಿ ಐಸ್ ಒಳಗೆ ಇಟ್ರೆ ಸರಿ ಹೋಗತ್ತೆ.

ಕೊನೇದಾಗಿ ಗೇಜ್. ನನ್ನ ಸ್ಪಂಡಿಂಗ್ ವಾಲ್ವಿನ ಗೇಜ್ 12 ಅಂತಿದ್ದಾಗ ರೆಗ್ಯುಲೇಟರಿಂದು ಅದೇ ಕೆಗ್ಗಿಗೆ 9 ಅಂತಿತ್ತು, ಮೂರನೇದೊಂದು ತಂದು ಸಿಕ್ಕಿಸಿದ್ರೆ ಅದೂ 9 ಅಂತು. ಅಂದ್ರೆ ತುಂಬ್ಕೊಳೋ ಕೆಗ್‌ನ ನಾನು ಪ್ರತಿ ಸಲ 3 ಪಿಎಸ್‌ಐ ಕಮ್ಮೀಲೇ ಇಟ್ಕೊಂಡು ಬರ್ತಿದ್ದೆ. ಈಗ ಆ ವಾಲ್ವಿಗೆ ಮಾಸ್ಕಿಂಗ್ ಟೇಪ್ ಅಂಟ್ಸಿ "ಮೂರು ಕಳೀರಿ" ಅಂತ ಬರ್ದಿದೀನಿ.